ಮರಿಯಾನೆಗೆ ಎಷ್ಟು ತಾಯಂದಿರು?

ಪ್ರಶ್ನೆ: ಮಹದೇಶ್ವರ ಬೆಟ್ಟದ ಬಳಿಯ ಪಾಲಾರ್ ಕಾಡಿನ ಚಿತ್ರವೊಂದರಲ್ಲಿ ಒಂದೇ ಮರಿಯಾನೆಯನ್ನು ನಾಲ್ಕೈದು ಹೆಣ್ಣಾನೆಗಳು ಸುತ್ತುವರಿದಿದ್ದವು. ಎಲ್ಲವೂ ಅದರ ತಾಯಂದಿರೇ?

ಉತ್ತರ: ಹೆತ್ತವಳು ಒಬ್ಬಳೇ, ಸಾಕುವವರು ಹಲವರು. ಆನೆಹಿಂಡೆಂದರೆ ಅಜ್ಜಿ, ಅಮ್ಮ, ಚಿಕ್ಕಮ್ಮ, ಅಕ್ಕಂದಿರ ಕುಟುಂಬ. ಸುಮಾರು 22 ತಿಂಗಳು ಹೊತ್ತು ಹೆತ್ತ ಮರಿ ಕೆಸರಲ್ಲಿ ಸಿಕ್ಕರೆ, ಹತ್ತಿರವಿದ್ದವಳು ಸೊಂಡಿಲು ಚಾಚುತ್ತಾಳೆ. ಇನ್ನೂ ಹೆರದ ಹೆಣ್ಣಾನೆಗಳು ತಾಯ್ತನ ಕಲಿಯುವುದೂ ಹೀಗೆಯೇ. ತಾಯಿಯನ್ನು ಗುರುತಿಸಬೇಕೇ? ಆನೆಯ ಮೊಲೆ ಮುಂಗಾಲುಗಳ ನಡುವೆ ಇರುತ್ತದೆ. ಮರಿ ಸೊಂಡಿಲನ್ನು ಮೇಲಕ್ಕೆ ಮಡಚಿ ಬಾಯಿಂದಲೇ ಕುಡಿಯುತ್ತದೆ. ಹಾಲೂಡುವವಳೇ ಬಹುಮಟ್ಟಿಗೆ ತಾಯಿ.

ಆ ಕಡೆ ಹೋಗುವವರಿಗೊಂದು ಮಾತು: ಮಹದೇಶ್ವರ ಬೆಟ್ಟದಿಂದ ಪಾಲಾರ್ ಮೂಲಕ ಮೆಟ್ಟೂರಿಗೆ ಹೋಗುವ ರಸ್ತೆ ಕಾಡಿನೊಳಗೇ ಸಾಗುತ್ತದೆ. ಹಿಂಡು ಕಂಡರೆ ಚಿತ್ರಕ್ಕಾಗಿ ವಾಹನದಿಂದ ಇಳಿಯಬೇಡಿ. ಮರಿಗೂ ತಾಯಿಗೂ ನಡುವೆ ಎಂದಿಗೂ ನಿಲ್ಲಬೇಡಿ.