ಮಣ್ಣಿನ ಸಾವಯವ ಇಂಗಾಲ ಮತ್ತು ಪಂಚಾಯಿತಿಯ ಕ್ರಿಯಾಯೋಜನೆ

ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಜೊತೆಗೆ ‘ಸಾವಯವ ಇಂಗಾಲ’ ಎಂಬ ಸಾಲೊಂದಿರುತ್ತದೆ. ಅದು ಶೇ 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’, ಶೇ 0.75 ಮೀರಿದರೆ ‘ಅಧಿಕ’. ಬಯಲುಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ‘ಕಡಿಮೆ’ ಎಂಬುದೇ ಸಾಮಾನ್ಯ. ಮಳೆನೀರನ್ನು ಹಿಡಿದಿಡುವ, ಹಾಕಿದ ಗೊಬ್ಬರವನ್ನು ಉಳಿಸಿಕೊಳ್ಳುವ ಮಣ್ಣಿನ ಶಕ್ತಿ ಬಹಳಷ್ಟು ಈ ಅಂಶವನ್ನು ಅವಲಂಬಿಸಿದ್ದರೂ ಈ ಸಾಲನ್ನು ಓದುವವರು ವಿರಳ.

ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 8ರಿಂದ 9 ಲಕ್ಷ ಕಿಲೋ ತೂಗುತ್ತದೆ. ಇಂಗಾಲವನ್ನು ಶೇ 0.4ರಿಂದ 0.5ಕ್ಕೆ ಏರಿಸಬೇಕಾದರೆ 800ರಿಂದ 900 ಕಿಲೋ ಇಂಗಾಲ ಅಲ್ಲಿ ನೆಲೆನಿಲ್ಲಬೇಕು. ಹಾಕಿದ್ದೆಲ್ಲ ನಿಲ್ಲುವುದಿಲ್ಲ. ತಿಪ್ಪೆಗೊಬ್ಬರದ ಇಂಗಾಲದಲ್ಲಿ ಬಹುಪಾಲನ್ನು ಸೂಕ್ಷ್ಮಜೀವಿಗಳು ಬಳಸಿಕೊಂಡು ಗಾಳಿಗೆ ಬಿಡುತ್ತವೆ; ಬಿಸಿಲಿನ ಸೀಮೆಯಲ್ಲಿ ಈ ಕ್ರಿಯೆ ಇನ್ನೂ ವೇಗ. ಆದುದರಿಂದ ಒಂದು ವರ್ಷ ಗೊಬ್ಬರ ಹೊಡೆಸಿ ಮರುವರ್ಷವೇ ಕಾರ್ಡಿನಲ್ಲಿ ಏರಿಕೆ ನಿರೀಕ್ಷಿಸಲಾಗದು. ಕಳೆದುಕೊಳ್ಳಲು ಮಾತ್ರ ತಡವಾಗದು. ಇಂಗಾಲ ಹೆಚ್ಚಿರುವುದು ಮೇಲ್ಮಣ್ಣಿನಲ್ಲಿ. ಇಳಿಜಾರು ಹೊಲದಲ್ಲಿ ಜೋರುಮಳೆಗೆ ಮೊದಲು ಹಳ್ಳ ಸೇರುವುದೂ ಅದೇ. ಕಬ್ಬಿನ ರವದಿಗೆ ಬೆಂಕಿಯಿಟ್ಟರೆ ಎಕರೆಗೆ 3ರಿಂದ 4 ಟನ್ ಒಣಎಲೆ ನೋಡನೋಡುತ್ತಲೇ ಬೂದಿಯಾಗುತ್ತದೆ. ಕೂಳೆ ಬೆಳೆಯಲ್ಲಿ ಅದನ್ನೇ ಸಾಲುಗಳ ನಡುವೆ ಹೊದಿಸಿ, ತೇವವಿರಿಸಿ, ಸ್ವಲ್ಪ ಯೂರಿಯಾ ಎರಚಿದರೆ ಕೊಳೆತು ಮಣ್ಣಿಗೆ ಸೇರುತ್ತದೆ.

ನೀತಿಯ ಪಾಲೂ ಇಲ್ಲಿದೆ. 2010ರಲ್ಲಿ ಕೇಂದ್ರ ಸರ್ಕಾರವು ಪೋಷಕಾಂಶ ಆಧಾರಿತ ಸಹಾಯಧನವನ್ನು ಜಾರಿಗೆ ತಂದಾಗ ಯೂರಿಯಾವನ್ನು ಹೊರಗಿಟ್ಟು ಅದರ ದರವನ್ನು ತಾನೇ ನಿಗದಿಪಡಿಸುತ್ತಾ ಬಂದಿತು. ಆ ಅಗ್ಗದ ಚೀಲದೆದುರು ಗಾಡಿ ಬಾಡಿಗೆ, ಆಳಿನ ಕೂಲಿ ತೆತ್ತು ತಿಪ್ಪೆಗೊಬ್ಬರ ಸಾಗಿಸುವುದು ದುಬಾರಿ. ಇದು ರೈತರ ಅಜ್ಞಾನವಲ್ಲ, ಲೆಕ್ಕಾಚಾರ. ಹಾಗೆಂದು ರಸಗೊಬ್ಬರವನ್ನು ಶತ್ರುವೆಂದು ಬಗೆಯುವುದೂ ತಪ್ಪು: ಬೆಂಗಳೂರಿನ ಜಿಕೆವಿಕೆಯಲ್ಲಿ ರಾಗಿಯ ಮೇಲೆ ದಶಕಗಳಿಂದ ನಡೆದ ಪ್ರಯೋಗಗಳಲ್ಲಿ, ರಸಗೊಬ್ಬರ ಮಾತ್ರ ಪಡೆದ ತಾಕುಗಳಿಗಿಂತ ತಿಪ್ಪೆಗೊಬ್ಬರವನ್ನೂ ಜೊತೆಗೆ ಪಡೆದ ತಾಕುಗಳಲ್ಲಿ ಇಂಗಾಲ ಹೆಚ್ಚು ಉಳಿದಿದೆ.

ದರನೀತಿ ಪಂಚಾಯಿತಿಯ ಕೈಯಲ್ಲಿಲ್ಲ; ಉದ್ಯೋಗ ಖಾತರಿ ಕಾಮಗಾರಿಗಳ ಆಯ್ಕೆ ಇದೆ. ರಸ್ತೆ, ಚರಂಡಿಗಳೇ ಪಟ್ಟಿಯ ಮೊದಲ ಪುಟವನ್ನು ತುಂಬುವುದು ವಾಡಿಕೆಯಾಗಿದೆ. ಹೊಲದ ಬದು ಹಾಗೂ ಕಾಂಪೋಸ್ಟ್ ತೊಟ್ಟಿಗಳನ್ನು ಒಂದೇ ಜಲಾನಯನದ ಅಕ್ಕಪಕ್ಕದ ಸರ್ವೆ ನಂಬರುಗಳಿಗೆ ಒಟ್ಟಾಗಿ ನೀಡಿದರೆ ಫಲ ಹೆಚ್ಚು; ಒಂದು ಹೊಲಕ್ಕೆ ಬದು ಹಾಕಿ ಮೇಲಿನ ಹೊಲವನ್ನು ಬಿಟ್ಟರೆ ಅಲ್ಲಿಂದ ನುಗ್ಗುವ ನೀರು ಬದುವನ್ನೇ ಒಡೆಯುತ್ತದೆ. ಬದುವಿನ ಮೇಲೆ ಗ್ಲಿರಿಸಿಡಿಯಾ ನೆಟ್ಟರೆ ಮಣ್ಣೂ ನಿಲ್ಲುತ್ತದೆ, ಹಸಿರೆಲೆ ಗೊಬ್ಬರವೂ ಹೊಲದಲ್ಲೇ ಸಿಗುತ್ತದೆ.

ಫಲಿತಾಂಶ ತಿಳಿಯಲು ಅದೇ ಸರ್ವೆ ನಂಬರುಗಳಿಂದ ಕೆಲವು ವರ್ಷಗಳಿಗೊಮ್ಮೆ, ಬೆಳೆ ಕಟಾವಾದ ಮೇಲೆ, ಒಂದೇ ಆಳದಿಂದ ಮಾದರಿ ತೆಗೆಸುವುದು. ತಿಪ್ಪೆಯ ಪಕ್ಕದ, ಮರದಡಿಯ, ಬದುವಿನಂಚಿನ ಮಣ್ಣನ್ನು ಬಿಡತಕ್ಕದ್ದು; ಅಲ್ಲಿನ ಅಂಕಿ ಹೊಲದ ಸ್ಥಿತಿಯನ್ನು ಹೇಳುವುದಿಲ್ಲ.