ಸೀಬೆಯ ಸತ್ವವನ್ನು ಅಳೆಯುವ ಬಗೆ

'ಅಧಿಕ ಆಂಟಿ ಆಕ್ಸಿಡೆಂಟ್' ಎಂಬ ಬರಹವುಳ್ಳ ದುಬಾರಿ ಹಣ್ಣಿನ ರಸದ ಶೀಶೆಗಳನ್ನು ಅಂಗಡಿಗಳಲ್ಲಿ ನಾವೆಲ್ಲರೂ ಕಂಡಿದ್ದೇವೆ. ಮನೆಯ ಹಿರಿಯರ ಆರೋಗ್ಯಕ್ಕೆಂದು ಹಣ ತೆತ್ತು ಕೊಳ್ಳುವ ಮುನ್ನ, ಆ ಗುಣವನ್ನು ಅಳೆಯುವುದು ಹೇಗೆಂಬುದನ್ನು ಅರಿಯುವುದು ಒಳಿತು.

ದೇಹವು ಆಮ್ಲಜನಕವನ್ನು ಬಳಸುವಾಗ 'ಫ್ರೀ ರ‍್ಯಾಡಿಕಲ್'ಗಳೆಂಬ ಚಂಚಲ ಕಣಗಳು ಹುಟ್ಟುತ್ತವೆ. ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತಿರುವ ಇವು ಜೀವಕೋಶಗಳಿಗೆ ಹಾನಿ ಮಾಡಬಲ್ಲವು. ಅವುಗಳನ್ನು ಶಾಂತಗೊಳಿಸುವ ವಸ್ತುಗಳೇ ಉತ್ಕರ್ಷಣ ನಿರೋಧಕಗಳು, ಅಂದರೆ ಆಂಟಿ ಆಕ್ಸಿಡೆಂಟ್‌ಗಳು.

ಪ್ರಯೋಗಾಲಯದಲ್ಲಿ ಈ ಗುಣಕ್ಕೆ ಬಣ್ಣವೇ ಸಾಕ್ಷಿ. 1958ರಲ್ಲಿ ಬ್ಲಾಯ್ಸ್ ಎಂಬ ವಿಜ್ಞಾನಿ ಪ್ರಕಟಿಸಿದ ಡಿಪಿಪಿಎಚ್ ವಿಧಾನದಲ್ಲಿ, ಕಡುನೇರಳೆ ಬಣ್ಣದ ರ‍್ಯಾಡಿಕಲ್ ದ್ರಾವಣಕ್ಕೆ ಹಣ್ಣಿನ ಸಾರವನ್ನು ಬೆರೆಸುತ್ತಾರೆ. ನಿರೋಧಕಗಳು ಹೆಚ್ಚಿದ್ದಷ್ಟೂ ನೇರಳೆ ಮಾಸಿ ಹಳದಿಯತ್ತ ತಿರುಗುತ್ತದೆ. 517 ನ್ಯಾನೋಮೀಟರ್ ಬೆಳಕನ್ನು ಹಾಯಿಸಿ, ಬಣ್ಣ ಎಷ್ಟು ತಗ್ಗಿತೆಂದು ಉಪಕರಣದಿಂದ ಅಳೆಯುತ್ತಾರೆ. 1996ರಲ್ಲಿ ಬೆಂಜಿ ಮತ್ತು ಸ್ಟ್ರೇನ್ ರೂಪಿಸಿದ 'ಫ್ರ್ಯಾಪ್' ವಿಧಾನದಲ್ಲಿ ಕಬ್ಬಿಣದ ಅಯಾನು ಎಲೆಕ್ಟ್ರಾನ್ ಪಡೆದು ದ್ರಾವಣವನ್ನು ಗಾಢ ನೀಲಿಗೊಳಿಸುತ್ತದೆ; ಇಲ್ಲಿ ಬಣ್ಣ ಏರಿದಷ್ಟೂ ಶಕ್ತಿ ಹೆಚ್ಚು.

ಇಂತಹ ಅಳತೆಗಳು ನಮ್ಮ ಹೈದರಾಬಾದಿನಲ್ಲಿಯೇ ನಡೆದಿವೆ. ಕೂನೂರಿನಲ್ಲಿ 1918ರಲ್ಲಿ ಆರಂಭಗೊಂಡು 1958ರಲ್ಲಿ ಇಲ್ಲಿಗೆ ಬಂದ, ಇಂದು ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ನಾವು ನಿತ್ಯ ತಿನ್ನುವ ಹಣ್ಣುಗಳನ್ನು ಪರೀಕ್ಷಿಸಿದಾಗ, ಅಗ್ಗದ ಸೀಬೆಯು ಸೇಬನ್ನು ಹಿಂದಿಕ್ಕಿತು. ತೆಲುಗರ 'ಜಾಮ', ಉತ್ತರ ಕರ್ನಾಟಕದವರ 'ಪೇರಲ' ಇದೇ ಹಣ್ಣು.

ಆದರೆ ಒಂದು ಎಚ್ಚರಿಕೆ ಅಗತ್ಯ. ಒಂದು ವಿಧಾನದ ಅಂಕಿಯನ್ನು ಇನ್ನೊಂದರ ಅಂಕಿಯೊಡನೆ ಹೋಲಿಸುವುದು, ವಿನಿಮಯ ದರ ನೋಡದೆ ರೂಪಾಯಿ ಮತ್ತು ಡಾಲರುಗಳನ್ನು ಕೂಡಿದಂತೆ. ಅದಕ್ಕಿಂತ ಮುಖ್ಯವಾಗಿ, ಗಾಜಿನ ನಳಿಕೆಯಲ್ಲಿ ಕಂಡದ್ದೆಲ್ಲ ದೇಹದಲ್ಲಿಯೂ ನಡೆಯುವುದೆಂಬ ಭರವಸೆಯಿಲ್ಲ. ಜೀರ್ಣವಾಗುವಾಗ ಈ ವಸ್ತುಗಳು ರೂಪಾಂತರ ಹೊಂದುತ್ತವೆ. ಈ ಕಾರಣದಿಂದಲೂ, ಅಂಕಿಗಳು ಮಾರಾಟಕ್ಕೆ ದುರ್ಬಳಕೆಯಾದುದರಿಂದಲೂ ಅಮೆರಿಕದ ಕೃಷಿ ಇಲಾಖೆಯು 'ಒರ್ಯಾಕ್' ಎಂಬ ಮತ್ತೊಂದು ವಿಧಾನದ ತನ್ನ ಪಟ್ಟಿಯನ್ನು 2012ರಲ್ಲಿ ಹಿಂತೆಗೆದುಕೊಂಡಿತು. ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ ಬೀಟಾ ಕ್ಯಾರೊಟೀನ್ ಮಾತ್ರೆ ನೀಡಿ ನಡೆಸಿದ ಅಧ್ಯಯನದ ಫಲಿತಾಂಶ 1994ರಲ್ಲಿ ಹೊರಬಂದಾಗ, ಮಾತ್ರೆ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಿರಲಿಲ್ಲ, ಶೇ. 18ರಷ್ಟು ಹೆಚ್ಚಾಗಿತ್ತು.

ಆದ್ದರಿಂದ ಶೀಶೆಯ ಮೇಲಿನ ಅಂಕಿಯನ್ನು ವೈದ್ಯರ ಚೀಟಿಯೆಂದು ಭಾವಿಸದಿರೋಣ. ತಳ್ಳುಗಾಡಿಯ ಸೀಬೆ, ಸೊಪ್ಪು, ತರಕಾರಿಗಳು ನಾರನ್ನೂ ಜೀವಸತ್ವಗಳನ್ನೂ ಒಟ್ಟಿಗೆ ನೀಡುತ್ತವೆ. ನಮ್ಮ ಹಣವು ಮೊದಲು ಅಲ್ಲಿಗೆ ಸಲ್ಲಲಿ.