ಇಸ್ನಾದ್ ಸರಪಳಿ: ಹಿಂದಿನಿಂದ ಬಂತೋ, ಹಿಂದಕ್ಕೆ ಬೆಳೆಯಿತೋ?

ಪ್ರವಾದಿ ಮುಹಮ್ಮದರು ತೀರಿಕೊಂಡದ್ದು ಕ್ರಿ.ಶ. 632ರಲ್ಲಿ. ಹದೀಸ್ ಸಂಗ್ರಹಕಾರರಲ್ಲಿ ಅತಿ ಹೆಚ್ಚು ಮನ್ನಣೆ ಪಡೆದ ಬುಖಾರಿ ತೀರಿಕೊಂಡದ್ದು 870ರಲ್ಲಿ. ನಡುವಿನ ಈ ಕಾಲದಲ್ಲಿ ಪ್ರವಾದಿಯ ಮಾತು ಹೇಗೆ ಉಳಿದು ಬಂತು ಅನ್ನೋದೇ ಇವತ್ತಿನ ಚರ್ಚೆ. ಹದೀಸಿನ ಮೊದಲಿಗೆ 'ಇಂಥವರಿಂದ ಇಂಥವರು ಕೇಳಿದರು' ಎಂಬ ಹೆಸರುಗಳ ಸರಪಳಿ ಇರುತ್ತದೆ, ಅದೇ ಇಸ್ನಾದ್. ಒಂದು ಮಾತು ನೆನಪಿರಲಿ: ಸುಳ್ಳು ಹದೀಸುಗಳಿವೆ ಅಂತ ಮೊದಲು ಹೇಳಿದವರು ಯುರೋಪಿನವರಲ್ಲ. ಹೇಳಿದವರ ನಡತೆ, ನೆನಪಿನ ಶಕ್ತಿ ಎರಡನ್ನೂ ತೂಗುವ ಶಾಸ್ತ್ರವನ್ನೇ ಮುಸ್ಲಿಂ ವಿದ್ವಾಂಸರು ಕಟ್ಟಿದ್ದರು.

1890ರಲ್ಲಿ ಗೋಲ್ಡ್‌ಜಿಹರ್, ಎಷ್ಟೋ ಹದೀಸುಗಳಲ್ಲಿ ಕಾಣೋದು ನಂತರದ ತಲೆಮಾರುಗಳ ರಾಜಕೀಯ ಮತ್ತು ಪಂಥಗಳ ಜಗಳ ಅಂದರು. 1950ರಲ್ಲಿ ಶಾಖ್ಟ್ ಇನ್ನೂ ಮುಂದೆ ಹೋದರು: ಕಾನೂನಿನ ಹದೀಸುಗಳ ಸರಪಳಿ ಹಿಂದಕ್ಕೆ ಬೆಳೆದದ್ದು, ಮೊದಲು ಊರಿನ ಪಂಡಿತನ ಅಭಿಪ್ರಾಯವಾಗಿದ್ದದ್ದು ಆಮೇಲೆ ಪ್ರವಾದಿಯ ಮಾತಾಯಿತು. ಅವರ ಒಂದು ಮುಖ್ಯ ಆಧಾರ ಮೌನ. ವಾದದಲ್ಲಿ ಉಪಯೋಗಕ್ಕೆ ಬರಬೇಕಿದ್ದ ಹದೀಸನ್ನು ಯಾರೂ ಎತ್ತದಿದ್ದರೆ, ಅದು ಆಗ ಇರಲೇ ಇಲ್ಲ ಅಂತ. ಇದು ನನಗೆ ದುರ್ಬಲವಾಗಿ ಕಾಣುತ್ತೆ. ತನಗೆ ಗೊತ್ತಿದ್ದದ್ದನ್ನೆಲ್ಲ ಯಾರು ತಾನೇ ಬರೆದಿಡ್ತಾರೆ? ಮುಸ್ತಫಾ ಆಜ್ಮಿಯವರ ಆಕ್ಷೇಪವೂ ಸುಮಾರಾಗಿ ಇದೇ.

ನಿಜವಾದ ತಿರುವು 1991ರಲ್ಲಿ ಮೋಟ್ಜ್‌ಕಿ ಅವರದು. ಅವರು ಹಿಡಿದದ್ದು ಯಮನಿನ ಅಬ್ದುರ್ರಜ್ಜಾಕ್ (ಮರಣ 827) ಅವರ 'ಮುಸನ್ನಫ್'. ಅದನ್ನು 1970ರ ದಶಕದ ಆರಂಭದಲ್ಲಿ ಸಂಪಾದಿಸಿ ಕೊಟ್ಟವರು ನಮ್ಮ ಉತ್ತರ ಪ್ರದೇಶದ ಮವ್ ಊರಿನ ಹಬೀಬುರ್ರಹಮಾನ್ ಆಜ್ಮಿ. (ಮುಸ್ತಫಾ ಆಜ್ಮಿ ಬೇರೆಯವರು, ಊರು ಮಾತ್ರ ಒಂದೇ.) ಅದರಲ್ಲಿ ಮಕ್ಕಾದ ಇಬ್ನ್ ಜುರೈಜ್ ತನ್ನ ಗುರು ಅತಾ ಅವರ ಮಾತುಗಳನ್ನು ಹೇಳುತ್ತಾರೆ. ಸುಳ್ಳು ಕಟ್ಟುವವನಾಗಿದ್ದರೆ ಎಲ್ಲವನ್ನೂ ಪ್ರವಾದಿಯ ಹೆಸರಿಗೇ ಹಾಕ್ತಿದ್ದ, ಅಲ್ವಾ? ಇಲ್ಲಿ ಹಾಗಿಲ್ಲ. ಬಹುಪಾಲು ಅತಾ ಅವರ ಸ್ವಂತ ಅಭಿಪ್ರಾಯವೇ. ಕೆಲವು ಕಡೆ ಶಿಷ್ಯ ತನ್ನ ಅನುಮಾನವನ್ನೂ ದಾಖಲಿಸುತ್ತಾನೆ. ಗುರುವಿನ ಮಾತನ್ನೇ ಮತ್ತೊಬ್ಬರಿಂದ ಕೇಳಿದ್ದರೆ ಹಾಗಂತಲೇ ಹೇಳುತ್ತಾನೆ.

ವಚನಗಳ ಅಂಕಿತ ನೋಡಿದವರಿಗೆ ಈ ತೊಡಕು ಹೊಸದಲ್ಲ. ಅಂಕಿತ ಇದೆ ಅಂದ ಮಾತ್ರಕ್ಕೆ ವಚನ ಅವರದೇ ಅನ್ನಲಾಗದು. ಹಾಗಂತ ಎಲ್ಲವೂ ಖೊಟ್ಟಿಯೂ ಅಲ್ಲ.

ಆದರೆ ಮೋಟ್ಜ್‌ಕಿಯವರ ದಾರಿ ನಮ್ಮನ್ನು ಗಟ್ಟಿಯಾಗಿ ಮುಟ್ಟಿಸೋದು ಅತಾ ಅವರವರೆಗೆ, ಅಂದರೆ ಎಂಟನೆಯ ಶತಮಾನದ ಆರಂಭಕ್ಕೆ. ಅದಕ್ಕೂ ಹಿಂದಿನ ಸುಮಾರು ನೂರು ವರ್ಷಕ್ಕೆ ಒಂದೊಂದು ಹದೀಸಿನ ಪಾಠಾಂತರಗಳನ್ನೆಲ್ಲ ಬೇರೆಬೇರೆಯಾಗಿ ಹೋಲಿಸಿ ನೋಡಬೇಕಾಗುತ್ತೆ.